ಬಳ್ಳಾರಿ ಬೈಕಿನ ಹಿಂದೆ ಲಡಾಖ್ ಬೆಟ್ಟ: ಹಾಕಬಹುದಾ?

ಕೆಎ 34 ಸವಾರ, ಬಳ್ಳಾರಿ:
ನನ್ನ ಹಳೇ ಬುಲೆಟ್ ಮಾರಬೇಕು ಅಂತಿದ್ದೇನೆ. ಈ ಮೇ ಬಿಸಿಲಲ್ಲಿ ಮಧ್ಯಾಹ್ನ ಮನೆ ಮುಂದೆ ಫೋಟೋ ತೆಗೆದೆ. ಹಿಂದೆ ಮೋರಿ, ಒಣಹಾಕಿದ ಬಟ್ಟೆ, ಪಕ್ಕದ ಮನೆಯವರ ನೀರಿನ ಡ್ರಮ್ಮು. ಅದನ್ನೆಲ್ಲ ಫೋಟೋಶಾಪಿನಲ್ಲಿ ತೆಗೆದು ಲಡಾಖಿನ ಖರ್ದುಂಗ್ ಲಾ ರಸ್ತೆ ಕೂರಿಸಿದ್ದೇನೆ. ಹೇಗಿದೆ ಹೇಳಿ. ಗಾಡಿಯನ್ನು ಮಾತ್ರ ಮುಟ್ಟಿಲ್ಲ.

ಸ್ಟುಡಿಯೋದವನು, ಕೊಪ್ಪಳ:
ಅಂಚು ಚೆನ್ನಾಗಿ ಕತ್ತರಿಸಿದ್ದೀಯ ತಮ್ಮಾ. ಪೆನ್ ಟೂಲ್ ಹಿಡಿದು ಕೂತಿರಬೇಕು, ಬ್ರೇಕ್ ಕೇಬಲ್ ಕೂಡ ಉಳಿದಿದೆ. ಒಂದೇ ಕ್ಲಿಕ್ಕಿನಲ್ಲಿ ಮಾಡಿದ್ರೆ ಮೊದಲು ಮಾಯವಾಗೋದೇ ಕೇಬಲ್ಲು, ಕನ್ನಡಿ ಕಡ್ಡಿ. ಆದರೆ ಹಿಂದಿನ ಚಕ್ರದ ಕಡ್ಡಿಗಳ ಸಂದಿಯಲ್ಲಿ ನೀಲಿ ಡ್ರಮ್ಮು ಇನ್ನೂ ಕಾಣ್ತಿದೆ. ಕ್ರೋಮ್ ಸೈಲೆನ್ಸರಿನಲ್ಲಿ ನಿಮ್ಮ ಮನೆ ಗೇಟೂ ಇದೆ!

ನೆರಳು ಇನ್ನೊಂದು ಕಥೆ. ಮೇ ಶುರುವಿನ ಹೊತ್ತಿಗೆ ಬಳ್ಳಾರಿಯಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ನೆರಳು ಗಾಡಿಯ ಕೆಳಗೇ ಮುದುಡಿಕೊಂಡಿರುತ್ತೆ. ಲಡಾಖ್ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಎಷ್ಟೋ ಉತ್ತರಕ್ಕಿದೆ, ಅಲ್ಲಿ ವರ್ಷದ ಯಾವ ದಿನವೂ ಸೂರ್ಯ ನೆತ್ತಿಗೆ ಬರಲ್ಲ. ಬೆಟ್ಟದ ನೆರಳು ಎಡಕ್ಕೆ ಚಾಚಿದೆ, ನಿನ್ನ ಗಾಡಿಗೆ ನೆರಳೇ ಇಲ್ಲ. ಅದಕ್ಕೇ ತೇಲಿದ ಹಾಗೆ ಕಾಣ್ತಿದೆ.

ಮತ್ತೆ, ನೀನು ಕುಕ್ಕರಗಾಲಲ್ಲಿ ಕೂತು ತೆಗೆದಿದ್ದೀಯ. ಆಗ ದಿಗಂತ ಟ್ಯಾಂಕಿನ ಎತ್ತರಕ್ಕೆ ಬರಬೇಕು. ಈ ರಸ್ತೆ ಫೋಟೋ ಯಾರೋ ನಿಂತು ತೆಗೆದದ್ದು.

ಮಾನ್ವಿ ಮೇಡಂ, ರಾಯಚೂರು:
ಸುಮ್ನೆ ಲಡಾಖ್ ಯಾಕೆ? ಮಳೆ ಬಿದ್ದ ಮೇಲೆ ಸಂಡೂರಿನ ಬೆಟ್ಟ ನೋಡಿದ್ದೀರಾ? ಗಾಡಿ ಅಲ್ಲೇ ತಗೊಂಡು ಹೋಗಿ, ಬೆಳಗ್ಗೆ ಏಳಕ್ಕೆ ಒಂದು ಫೋಟೋ ತೆಗೀರಿ. ಇಷ್ಟೆಲ್ಲ ಕತ್ತರಿ ಕೆಲಸವೇ ಬೇಡ.

ಕೆಎ 34 ಸವಾರ:
ಮಳೆ ಬರೋವರೆಗೆ ಕಾಯಬೇಕಲ್ಲ ಮೇಡಂ. ಅದಕ್ಕಿಂತ ಮೊದಲು ಮಾರಬೇಕು.

ಗ್ಯಾರೇಜ್ ಕಾಕಾ, ಗಂಗಾವತಿ:
ಗೋಡೆಗೆ ಹಾಕೋ ಫೋಟೋ ಆದ್ರೆ ಹಿಂದೆ ಹಿಮಾಲಯ ಹಾಕು, ಚಂದ್ರಲೋಕ ಹಾಕು, ಯಾರೂ ಕೇಳಲ್ಲ. ಮಾರೋ ಫೋಟೋದಲ್ಲಿ ಬೇಡ. ಹಳೇ ಬುಲೆಟ್ ಫೋಟೋ ಬಂದ್ರೆ ನಾನು ಮೊದಲು ನೋಡೋದು ಗಾಡಿಯನ್ನಲ್ಲ, ಇಂಜಿನ್ ಕೆಳಗಿನ ನೆಲವನ್ನ. ಆಯಿಲ್ ಸೋರಿದ ಕಲೆ ಅಲ್ಲೇ ಇರುತ್ತೆ. ನೀನು ನೆಲವನ್ನೇ ಬದಲಿಸಿಬಿಟ್ಟೆ. ಗಾಡಿ ಮುಟ್ಟಿಲ್ಲ ಅಂದ್ರೆ ನಾನು ಹೇಗೆ ನಂಬಲಿ?

ಕೆಎ 34 ಸವಾರ:
ಕಾಕಾ, ಆಯಿಲ್ ಸೋರ್ತಾ ಇಲ್ಲ! ಮೋರಿ ಮುಚ್ಚೋಕೆ ಮಾಡಿದ್ದು ಅಷ್ಟೇ.

ಮಾನ್ವಿ ಮೇಡಂ:
ಕಾಕಾ ಹೇಳೋದು ಸರಿ. ಟ್ಯಾಂಕಿನ ಗೀರು ಅಳಿಸಿದ್ರೆ ಮೋಸ ಅಂತೀವಿ. ನೆಲ ಅಳಿಸಿದ್ರೆ ಅಲಂಕಾರ ಅಂತೀವಿ. ಕೊಳ್ಳೋನಿಗೆ ಎರಡೂ ಒಂದೇ ಅಲ್ವಾ?

ಸ್ಟುಡಿಯೋದವನು:
ಒಂದೇ ಅನ್ನೋದು ಜಾಸ್ತಿ ಆಯ್ತು ಅಕ್ಕಾ. ಮದುವೆ ಆಲ್ಬಮ್ಮಿನಲ್ಲಿ ದಿನಾ ಹಿನ್ನೆಲೆ ಬದಲಿಸ್ತೀವಿ, ಅಲ್ಲಿ ಮೋಸ ಅಂತ ಯಾರೂ ಅನ್ನಲ್ಲ. ಆದರೆ ನೆಲದ ಮಾತು ಒಪ್ಪಿದೆ. ತಮ್ಮಾ, ಹೀಗೆ ಮಾಡು. ಚಕ್ರ ನಿಂತ ಜಾಗ, ನೆರಳು, ಇಂಜಿನ್ ಕೆಳಗಿನ ನೆಲ ಹಾಗೇ ಬಿಡು. ಹಿಂದಿನ ಬಟ್ಟೆ, ಡ್ರಮ್ಮು ಮಾತ್ರ ಸ್ವಲ್ಪ ಮಸುಕು ಮಾಡು, ಬೇರೆ ಊರು ತರಬೇಡ. ಫೋಟೋಶಾಪ್ ಇಲ್ಲದಿದ್ರೆ ಜಿಂಪ್ ಸಾಕು, ಅದು ಪುಕ್ಕಟೆ. ನಂಬರ್ ಪ್ಲೇಟನ್ನೂ ಮಸುಕು ಮಾಡು. ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಗ್ಯಾರೇಜ್ ಕಾಕಾ:
ಮಸುಕೂ ಬೇಡ ಮಾರಾಯ. ಗೋಡೆ ಪಕ್ಕಕ್ಕೆ ತಳ್ಳಿಕೊಂಡು ಹೋಗಿ ನಿಲ್ಲಿಸಿದ್ರೆ ಆಗಲ್ವಾ?

ಕೆಎ 34 ಸವಾರ:
ಸರಿ, ಮೂಲ ಫೋಟೋನೇ ಹಾಕ್ತೇನೆ, ಮೋರಿ ಸಮೇತ. ನಾಳೆ ಬೆಳಗ್ಗೆ ಬಿಸಿಲೇರುವ ಮೊದಲು ಎಡಬದಿಯದ್ದೂ ತೆಗೀತೇನೆ.

ಗ್ಯಾರೇಜ್ ಕಾಕಾ:
ರಾತ್ರಿ ಇಂಜಿನ್ ಕೆಳಗೆ ಹಳೇ ಪೇಪರ್ ಹಾಸಿಡು. ಬೆಳಗ್ಗೆ ಅದರದ್ದೂ ಒಂದು ಫೋಟೋ ಹಾಕು. ಆಮೇಲೆ ರೇಟ್ ಮಾತಾಡೋಣ.