ಮೊಲ ನೋಡೋ ಡಾಕ್ಟರು ಒಳ್ಳೆಯವರು ಅಂತ ಗುರುತಿಸೋದು ಹೇಗೆ?

ಬಳ್ಳಾರಿ ಹುಡುಗಿ:
ನಮ್ಮ ಬೆಳ್ಳಿಗೆ ನಾಲ್ಕು ವರ್ಷ. ನಿನ್ನೆಯಿಂದ ಗರಿಕೆ ಮೂಸಿ ಬಿಟ್ಟುಬಿಡ್ತೈತೆ, ಕೊತ್ತಂಬರಿ ಎಲೆ ಮಾತ್ರ ತಿಂತೈತೆ. ಗದ್ದ ಒದ್ದೆ. ಇಲ್ಲಿ ಎಮ್ಮೆ, ಕುರಿ, ನಾಯಿ ನೋಡೋರೇ ಜಾಸ್ತಿ. ಯಾರನ್ನ ನಂಬಲಿ?

ರಾಯಚೂರು ಅಕ್ಕ:
ತಂಗಿ, ಗದ್ದ ಒದ್ದೆ ಅಂದ್ರ ದವಡೆ ಹಲ್ಲು ನೋಡಿಸ್ರಿ. ಮೊಲದ ಹಲ್ಲು ಸಾಯೋತನಕ ಬೆಳೀತಾವ. ಚೂಪಾಗಿ ನಾಲಿಗಿ ಕೊಯ್ತಾವ. ಮುಂದಿನ ಹಲ್ಲಷ್ಟೇ ನೋಡಿ ‘ಚೆನ್ನಾಗೈತಿ’ ಅಂದ್ರ ಎದ್ದು ಬರ್ರಿ. ನಮ್ಮ ಡಾಕ್ಟರು ಕಿವಿ ನೋಡೋ ಲೈಟನ್ನ ಕೆನ್ನಿ ಒಳಗ ಇಟ್ಟು ನೋಡಿದ್ರು. ಅದಕ್ಕೂ ಮೊದಲು ಟೇಬಲ್ ಮ್ಯಾಲ ಟವೆಲ್ ಹಾಸಿ, ಹಿಂಗಾಲಿಗೆ ಅಂಗೈ ಕೊಟ್ಟು ಕೂರಿಸಿದ್ರು. ಕೇಳಿದ ಮೊದಲ ಮಾತೇ ‘ಹಿಕ್ಕಿ ಎಷ್ಟು ಹಾಕ್ಯದ, ಸಣ್ಣ ಆಗ್ಯಾವೇನು?’ ಅವತ್ತೇ ನನಗ ನಂಬಿಕಿ ಬಂತು.

ನನ್ನ ಮೊದಲ ಮೊಲ ಸತ್ತಿದ್ದು ಬ್ಯಾರೆ ಕಡೆ ಡಾಕ್ಟರು ನಾಯಿಗೆ ಚಿಗಟಕ್ಕ ಹಾಕೋ ಫಿಪ್ರೊನಿಲ್ ಹನಿ ಹಾಕಿದ್ದಕ್ಕ. ಅದು ಮೊಲಕ್ಕ ವಿಷ. ಇನ್ನೂ ಎದಿ ಉರೀತದ.

ಕೊಪ್ಪಳದವ:
ಫೋನಿನಾಗೇ ಒಂದು ಪ್ರಶ್ನೆ ಕೇಳ್ರಿ: ‘ಆಪರೇಷನ್ ಮುಂಚೆ ಉಪವಾಸ ಇಡಬೇಕಾ?’ ಮೊಲಕ್ಕ ವಾಂತಿ ಬರಂಗಿಲ್ಲ, ಹಸಿದ್ರ ಕರುಳು ನಿಂತುಬಿಡ್ತೈತಿ. ಇಡೀ ರಾತ್ರಿ ಉಪವಾಸ ಅಂದ್ರ ಬ್ಯಾಡ. ಬಾಯಿಗೆ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ರೂ ಬ್ಯಾಡ.

ರಾಯಚೂರು ಅಕ್ಕ:
ನಾಳೆ ಅನ್ನಬ್ಯಾಡ್ರಿ, ಇವತ್ತೇ ಹೋಗ್ರಿ. ಬಿಸಿಲು ಇಳಿದ ಮ್ಯಾಲ, ಪಕ್ಕದಾಗ ಬಟ್ಟಿ ಸುತ್ತಿದ ತಣ್ಣೀರ ಬಾಟ್ಲಿ ಇಟ್ಟು.