ದೆವ್ವದ ಮನೆ ಕಥೆಗೆ ಮುಕ್ತಾಯ ಸಿಗುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ಕ್ಲಾಸ್. ದೆವ್ವದ ಮನೆ ಬಗ್ಗೆ ಎರಡು ಪುಟದ ಕಥೆ ಬರೆಯಿರಿ ಅಂತ ಕನ್ನಡ ಮೇಷ್ಟ್ರು ಹೇಳಿದ್ದಾರೆ. ಸೋಮವಾರ ಕೊಡಬೇಕು.

ನನ್ನ ಕಥೆ ತೀರ್ಥಹಳ್ಳಿ ಕಡೆಯ ಹಳೇ ತೊಟ್ಟಿ ಮನೆಯಲ್ಲಿ ನಡೆಯುತ್ತದೆ. ಆಷಾಢದ ಮಳೆ, ಕರೆಂಟ್ ಇಲ್ಲ. ಅಜ್ಜಿ ಮನೆಗೆ ಬಂದ ಹುಡುಗಿಗೆ ರಾತ್ರಿ ಅಟ್ಟದ ಮೇಲಿಂದ ಅಡಿಕೆ ಸುಲಿಯುವ ಸದ್ದು ಕೇಳುತ್ತದೆ. ಅಡಿಕೆ ಸುಲಿಯುವುದು ಚಳಿಗಾಲದ ಕೆಲಸ, ಮಳೆಗಾಲದಲ್ಲಿ ಯಾರು ಸುಲಿಯುತ್ತಾರೆ? ಅವಳು ಹತ್ತಿ ನೋಡಿದರೆ ಯಾರೂ ಇಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಪಕ್ಕದಲ್ಲಿ ಹಸಿ ಸಿಪ್ಪೆ ಬಿದ್ದಿದೆ. ಇಲ್ಲಿಯವರೆಗೆ ನನಗೆ ತುಂಬಾ ಇಷ್ಟವಾಗಿದೆ.

ಇಲ್ಲಿಂದ ಮುಂದೆ ಹೋಗುತ್ತಿಲ್ಲ. ಎಲ್ಲಾ ಕನಸು ಅಂತ ಬರೆದೆ. ಅಕ್ಕ ಓದಿ, ಇದು ಮೋಸ ಅಂದಳು. ಬಿಳಿ ಸೀರೆಯ ದೆವ್ವ ಬರುವ ಹಾಗೆ ಬರೆದೆ, ಇದ್ದ ಭಯವೂ ಹೋಯಿತು. 1990ರ ದಶಕದಲ್ಲಿ ಬೆಂಗಳೂರಲ್ಲಿ ದೆವ್ವ ಓದಿ ವಾಪಸ್ ಹೋಗಲಿ ಅಂತ ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಂತೆ. ಆ ಕಥೆಯಲ್ಲಿ ದೆವ್ವ ಕಾಣುವುದೇ ಇಲ್ಲ, ಬಾಗಿಲು ತಟ್ಟಿ ಗುರುತಿನವರ ದನಿಯಲ್ಲಿ ಕರೆಯುತ್ತದೆ ಅಷ್ಟೇ. ಅದಕ್ಕೇ ಜಾಸ್ತಿ ಭಯ ಅಲ್ವಾ? ನನಗೂ ಹಾಗೇ ಬೇಕು. ಆದರೆ ಕಥೆ ಅರ್ಧಕ್ಕೆ ನಿಂತ ಹಾಗೆ ಇರಬಾರದು ಅಂತ ಮೇಷ್ಟ್ರು ಮೊದಲೇ ಹೇಳಿದ್ದಾರೆ.

ಸುಲಿಯುತ್ತಿದ್ದವರು ಯಾರು ಅಂತ ಹೇಳಲೇಬೇಕಾ? ಹೇಳದೆ ಬಿಟ್ಟರೆ, ಸಿಪ್ಪೆ ನೋಡಿದ ಮೇಲೆ ಇನ್ನೇನು ನಡೆದರೆ ಕಥೆ ಮುಗಿಯಿತು ಅನ್ನಿಸುತ್ತದೆ?