ಬಾಕಿ ವಸೂಲಿಗೆ ನಾವೇ ನೋಟಿಸ್ ಬರೆಯುವುದು ಹೇಗೆ?

ಬೈಕಂಪಾಡಿ ಬಾಕ್ಸ್:
ಉಡುಪಿಯ ಒಂದು ಜವಳಿ ಅಂಗಡಿಗೆ ಸೀರೆ ಬಾಕ್ಸ್ ಪ್ರಿಂಟ್ ಮಾಡಿ ಕೊಟ್ಟದ್ದು. ಬಿಲ್ 2,24,500, ಅಡ್ವಾನ್ಸ್ 40,000, ಬಾಕಿ 1,84,500 ರೂಪಾಯಿ. ಬಿಲ್ ತಾರೀಕು ಜೂನ್ 12. ಮಾಲು ಮುಟ್ಟಿದ್ದು 14ಕ್ಕೆ, ಚಲನ್ ಮೇಲೆ ಸೀಲು-ಸಹಿ ಉಂಟು. ಮಾಲು ಮುಟ್ಟಿ 30 ದಿನಕ್ಕೆ ದುಡ್ಡು ಅಂತ ಆರ್ಡರಿನಲ್ಲೇ ಇದೆ. ಈಗ ನವೆಂಬರ್, ಫೋನ್ ಮಾಡಿದರೆ "ಬರುವ ವಾರ" ಅಂತಾರೆ. ಕಾಗದದಲ್ಲಿ ಏನೇನು ಬರೀಬೇಕು? ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) 2021ರಿಂದ ಇದೆ.

ಕರಂಗಲ್ಪಾಡಿ ವಕೀಲ:
ಮೊದಲು ಹೆಸರು ನೋಡಿ ಮಾರಾಯ್ರೆ. ಬೋರ್ಡಿನ ಹೆಸರಿಗೆ ನೋಟಿಸ್ ಕಳಿಸಿ ಎಡವುವವರೇ ಹೆಚ್ಚು. ಅವರ ಜಿಎಸ್‌ಟಿ ನಂಬರನ್ನು ಪೋರ್ಟಲಿನಲ್ಲಿ ಹಾಕಿದರೆ ಕಾನೂನಿನ ಹೆಸರು, ಒಬ್ಬರ ಮಾಲೀಕತ್ವವೋ ಪಾಲುದಾರಿಕೆಯೋ ಎಲ್ಲ ಸಿಗುತ್ತದೆ. ಪಾಲುದಾರಿಕೆಯಾದರೆ ಫರ್ಮಿಗೂ ಪಾಲುದಾರರಿಗೂ ಒಂದೊಂದು ಪ್ರತಿ ಹೋಗಲಿ.

ಒಂದು ಪುಟ ಸಾಕು. ನಡುವಿನ ಭಾಗ ಹೀಗಿರಲಿ: "ಬಿಲ್ ಸಂಖ್ಯೆ ಇಂಥದ್ದು, ದಿನಾಂಕ ಜೂನ್ 12, ಮೊತ್ತ 2,24,500. ಸಂದಾಯ 40,000. ಜುಲೈ 14ರೊಳಗೆ ಕೊಡಬೇಕಿದ್ದ ಬಾಕಿ 1,84,500. ಈ ಕಾಗದ ತಲುಪಿದ 15 ದಿನದೊಳಗೆ ಕೆಳಗಿನ ಖಾತೆಗೆ ಜಮಾ ಮಾಡಿ." "ಆದಷ್ಟು ಬೇಗ" ಅಂತ ಮಾತ್ರ ಬರೆಯಬೇಡಿ, ಅದು ಗಡುವೇ ಅಲ್ಲ. ಬಿಲ್, ಆರ್ಡರ್, ಸಹಿಯ ಚಲನ್ ಮೂರರ ಜೆರಾಕ್ಸ್ ಲಗತ್ತಿಸಿ. ಪೊಲೀಸ್ ಬೆದರಿಕೆ, ಮರ್ಯಾದೆ ತೆಗೆಯುವ ಮಾತು ಖಂಡಿತ ಬೇಡ. ನಾಳೆ ಇದನ್ನು ಓದುವವರು ನ್ಯಾಯಾಧೀಶರು.

ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಹಾಗಾಗಿ ಸ್ಪೀಡ್ ಪೋಸ್ಟೇ ಹಾಕಿ, ಡೆಲಿವರಿ ಪುರಾವೆ ಕೇಳಿ ಪಡೆಯಿರಿ, ಟ್ರ್ಯಾಕಿಂಗ್ ಪುಟ ಆ ವಾರವೇ ಪ್ರಿಂಟ್ ತೆಗೆದಿಡಿ. "ನಿರಾಕರಿಸಿದ್ದಾರೆ" ಅಂತ ಷರಾ ಬರೆದು ಲಕೋಟೆ ವಾಪಸ್ ಬಂದರೆ ಒಡೆಯದೆ ಹಾಗೇ ಇಡಿ, ಅದೇ ಸಾಕ್ಷಿ.

ಉಡುಪಿ ಲೆಕ್ಕಪತ್ರ:
ಎರಡು ಸಾಲು ಸೇರಿಸಿ, ಕೆಲಸ ಮಾಡುವುದು ಅವೇ.

ಒಂದು ಬಡ್ಡಿ. ಮಾಲು ಕೊಡುವ ಮೊದಲೇ ಉದ್ಯಮ್ ಇದ್ದುದರಿಂದ, 2006ರ ಎಂಎಸ್‌ಎಂಇಡಿ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಜುಲೈ 15ರಿಂದ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ ಕೇಳಬಹುದು. ಆರ್ಡರಿನಲ್ಲಿ ಬಡ್ಡಿಯ ಮಾತೇ ಇಲ್ಲದಿದ್ದರೂ ಸಲ್ಲುತ್ತದೆ. ಉದ್ಯಮ್ ಸಂಖ್ಯೆ ಕಾಗದದ ಮೇಲೆ ಇರಲಿ. ಕೊಡದಿದ್ದರೆ ಫೆಸಿಲಿಟೇಶನ್ ಕೌನ್ಸಿಲಿಗೆ, ಅಂದರೆ ಇದೇ ಕಾಯ್ದೆಯಡಿ ಸಣ್ಣ ಉದ್ಯಮಗಳ ಬಾಕಿ ತಕರಾರು ತೀರಿಸುವ ಮಂಡಳಿಗೆ ಹೋಗುವುದು. ಗಿರಾಕಿ ಬೇರೆ ಜಿಲ್ಲೆಯವರಾದರೂ ನೀವಿರುವ ಕಡೆಯ ಕೌನ್ಸಿಲಿಗೇ ಅಧಿಕಾರ. ಮಂಗಳೂರು ಯೆಯ್ಯಾಡಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಇನ್ನೊಂದು ಜಿಎಸ್‌ಟಿ. ಬಿಲ್ ತಾರೀಕಿನಿಂದ 180 ದಿನದೊಳಗೆ ದುಡ್ಡು ಕೊಡದಿದ್ದರೆ, ಬಾಕಿ ಮೊತ್ತದ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು (ನಿಮ್ಮ ಬಿಲ್ಲಿನ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಂಡದ್ದು) ಅವರು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ನಿಮ್ಮ ಬಿಲ್ಲಿಗೆ ಡಿಸೆಂಬರ್ 9ಕ್ಕೆ 180 ದಿನ ತುಂಬುತ್ತದೆ. ಆ ತಾರೀಕನ್ನೇ ಬರೆಯಿರಿ, ಅಂಗಡಿಯ ಆಡಿಟರ್ ಕೂಡಲೇ ಎಚ್ಚರಾಗುತ್ತಾರೆ.

ಬೈಕಂಪಾಡಿ ಬಾಕ್ಸ್:
ತುಂಬಾ ಉಪಕಾರ ಆಯ್ತು. ಅರ್ಧ ಈಗ, ಉಳಿದದ್ದಕ್ಕೆ ಚೆಕ್ ಅಂದರೆ?

ಕರಂಗಲ್ಪಾಡಿ ವಕೀಲ:
ತೆಗೆದುಕೊಳ್ಳಿ, ಆದರೆ ರಶೀದಿಯಲ್ಲಿ "ಬಾಕಿಯ ಪೈಕಿ" ಅಂತಲೇ ಇರಲಿ. ಜೊತೆಗೆ ಉಳಿದ ಮೊತ್ತ ಒಪ್ಪಿಕೊಂಡು ಅವರ ಸಹಿ ಇರುವ ಒಂದು ಚೀಟಿ ಪಡೆಯಿರಿ. ದಾವೆಗೆ ಮೂರು ವರ್ಷದ ಅವಧಿ; ನೋಟಿಸ್ ಕಳಿಸಿದ ಮಾತ್ರಕ್ಕೆ ಅದು ಹೊಸದಾಗಿ ಶುರುವಾಗುವುದಿಲ್ಲ, ಅವಧಿಯೊಳಗೆ ಸಿಕ್ಕಿದ ಸಹಿಯಿಂದ ಆಗುತ್ತದೆ.

ಚೆಕ್ ಬೌನ್ಸ್ ಆದರೆ ಬ್ಯಾಂಕ್ ಮೆಮೊ ಕೈಗೆ ಬಂದ 30 ದಿನದೊಳಗೆ ಬೇರೆಯೇ ನೋಟಿಸ್ ಕೊಡಬೇಕು. ಅದರಲ್ಲಿ ಚೆಕ್ಕಿನಲ್ಲಿರುವ ಮೊತ್ತವನ್ನೇ ಕೇಳಬೇಕು, ಒಂದು ರೂಪಾಯಿ ಹೆಚ್ಚು-ಕಮ್ಮಿ ಆಗಬಾರದು. ಈ ಹಳೆ ಕಾಗದವನ್ನೇ ತಿದ್ದಿ ಕಳಿಸಬೇಡಿ.